ನಡಿಯಂಗಿಲ್ಲ

ನಮ್ಮ ಗೆಳೆಯರ ಬಳಗದಲ್ಲಿ ಹೋದ ವರ್ಷದಿಂದ ಒಂದು ಕತೆ ಓಡಾಡುತ್ತಿದೆ. ಮೂಡಲಗಿಯ ಬಸು ಅನ್ನ, ರೊಟ್ಟಿ, ಸಕ್ಕರೆ ಮುಟ್ಟುವುದಿಲ್ಲವೆಂದು ಹಟ ಹಿಡಿದ. ವಾರ ತುಂಬುವುದರೊಳಗೆ ಹುಕ್ಕೇರಿಯಲ್ಲಿ ಮಿಲಿಂದನ ಮನೆಯ ಹೋಳಿಗೆ ಕಂಡು ಕರಗಿಹೋದ. ಅವನಿಗೆ ಪಥ್ಯ ಕಲಿಸಿದ ವಕೀಲ ಬಾಜೂಕ್ಕೆ ಕೂತಿದ್ದಂತೆಯೇ ಕೇಸು ಸೋತ. ಆ ವಕೀಲ ನಾನು. ಕತೆ ಹೇಳುವವರು ಬದಲಾದಂತೆ ಬಸು ತಿಂದ ಹೋಳಿಗೆಗಳೂ ಹೆಚ್ಚಾಗುತ್ತವೆ, ಮೇಲೆ ಸುರಿಸಿಕೊಂಡ ತುಪ್ಪವೂ ಹೆಚ್ಚಾಗುತ್ತದೆ. ಇದಕ್ಕೆ ಸಾಕ್ಷಿ ಯಾರು ಎಂದು ಕೇಳಿದರೆ ಎಲ್ಲರೂ ನನ್ನ ಕಡೆ ಕೈ ಮಾಡುತ್ತಾರೆ.

ಸಾಕ್ಷಿಯ ಪಾಟೀಸವಾಲನ್ನು ನಾನೇ ಮಾಡಿಬಿಡುತ್ತೇನೆ. ಬಸು ಹೋಳಿಗೆ ತಿಂದದ್ದು ನಿಜ. ನಾನು ಬಾಜೂಕ್ಕೆ ಇದ್ದದ್ದೂ ನಿಜ. ಅವನು ಹೋಳಿಗೆಗೆ ಸೋತ ಎಂಬುದು ಸುಳ್ಳು. ಆ ಸುಳ್ಳನ್ನು ಮೊದಲು ಹೇಳಿದವನು ನಾನು. ಹೇಳುವಾಗ ಅದು ಸುಳ್ಳೆಂದು ನನಗೆ ಗೊತ್ತಿರಲಿಲ್ಲ. ಈ ಗೊತ್ತಿಲ್ಲದಿರುವುದು ನನ್ನ ಪರವಾದ ಅಂಶವೋ ವಿರುದ್ಧವಾದದ್ದೋ, ಓದಿ ಮುಗಿಸಿದ ಮೇಲೆ ನೀವೇ ಹೇಳಿ. ನನಗಂತೂ ಆ ಗೊತ್ತಿಲ್ಲದಿರುವುದೇ ದೊಡ್ಡ ಅಪರಾಧವಾಗಿ ಕಾಣುತ್ತಿದೆ.

ಇವತ್ತು ಇದೆಲ್ಲ ನೆನಪಾಗಲು ಕಾರಣ ಬಾಳೆಹಣ್ಣು. ಬೆಳಿಗ್ಗೆ ಕಕ್ಷಿದಾರರೊಬ್ಬರು "ನಮ್ಮ ತ್ವಾಟದ್ದ್ರಿ, ತಿನ್ರಿ" ಎಂದು ಒಂದು ಚೀಲ ನನ್ನ ಮೇಜಿನ ಮೇಲಿಟ್ಟು ಹೋದರು. ಗೋಕಾಕದ ಈ ಬಿಸಿಲಿಗೆ ಮಧ್ಯಾಹ್ನದ ಹೊತ್ತಿಗೆ ಕೋಣೆಯ ತುಂಬ ಮಾಗಿದ ಹಣ್ಣಿನ ವಾಸನೆ. ಅದು ಕಡತಗಳ ಒಳಗೂ ಹೋಗಿ ಕೂತಿದೆ. ಪಥ್ಯದ ವಿಷಯದಲ್ಲಿ ನಾನೀಗ ಅಷ್ಟು ಬಿಗಿಯಾಗಿಲ್ಲ, ಒಂದು ಹಣ್ಣು ತಿಂದರೆ ಆಕಾಶ ಬೀಳುವುದಿಲ್ಲ. ಆದರೂ ಸಿಪ್ಪೆಗೆ ಉಗುರು ಹಾಕಲಾರದೆ ನೋಡುತ್ತ ಕೂತಿದ್ದೇನೆ.

ಬಸು, ಮಿಲಿಂದ, ನಾನು ಮೂವರೂ ಗೋಕಾಕದಲ್ಲಿ ಒಟ್ಟಿಗೆ ಕಾಲೇಜು ಓದಿದವರು. ಮಿಲಿಂದ ಮತ್ತು ನಾನು ಚರ್ಚಾಸ್ಪರ್ಧೆಗಳ ಜೋಡಿ. ಬಸು ಚಪ್ಪಾಳೆಯ ಪಕ್ಷ. ನಾವು ಗೆದ್ದು ತಂದ ಫಲಕವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂರುತ್ತಿದ್ದವನು ಅವನು. ಬಸು ಮತ್ತು ನಾನು ದಿನಾ ಲಿಂಗಪೂಜೆ ನಡೆಯುವ, ವಚನ ಹಾಡುವ ಮನೆಗಳಿಂದ ಬಂದವರು. ಮಿಲಿಂದ ನಾಗನೂರಿನ ಬೌದ್ಧ ಮನೆತನದವನು. ಒಮ್ಮೆ "ಜಾತಿ ಈಗ ಉಳಿದಿಲ್ಲ" ಎಂಬ ವಿಷಯ ಬಂತು. ಚೀಟಿ ಎತ್ತಿದಾಗ ಪರ ನನಗೆ, ವಿರೋಧ ಅವನಿಗೆ. ಮೊದಲ ಬಹುಮಾನ ನನಗೆ ಬಂತು, ಎರಡನೆಯದು ಅವನಿಗೆ. ವೇದಿಕೆಯಿಂದ ಇಳಿಯುತ್ತ ಮಿಲಿಂದ ನನ್ನ ಬೆನ್ನಿಗೆ ಹೊಡೆದು ನಗುತ್ತ ಹೇಳಿದ್ದ: "ನೀ ಗೆದ್ದಿ ಬಿಡಲೇ. ಹಂಗಾರ ಇವತ್ತಿಂದ ಇಲ್ಲಂತ ತಿಳೀತೇನಿ." ನಾನೂ ನಕ್ಕಿದ್ದೆ. ಆ ಫಲಕ ಈಗಲೂ ನಮ್ಮ ಮನೆಯ ಶೋಕೇಸಿನಲ್ಲಿದೆ.

ಈಗ ಮಿಲಿಂದ ಹುಕ್ಕೇರಿಯಲ್ಲಿ ಹೈಸ್ಕೂಲು ಮಾಸ್ತರ. ಬಸು ಮೂಡಲಗಿಯಲ್ಲಿ ಸುಟ್ಟ ಪಂಪ್‌ಸೆಟ್ಟು ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದಾನೆ. ನಾನು ಗೋಕಾಕದ ಕೋರ್ಟಿನಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ, ವಾದಿಸುವುದಕ್ಕಿಂತ ಮುದ್ದತು ಕೇಳಿ ವಿಚಾರಣೆ ಮುಂದೂಡಿಸುವುದರಲ್ಲಿ ಪಳಗುತ್ತಿದ್ದೇನೆ. ಕೋರ್ಟಿನಲ್ಲಿ ಉಳಿದುಹೋದ ವಾದವನ್ನೆಲ್ಲ ಗೆಳೆಯರ ಮೇಲೆ ಖರ್ಚು ಮಾಡುವುದು ನನ್ನ ರೂಢಿ.

ಹೋದ ವರ್ಷ ಬಸು ನನ್ನನ್ನು ಅಂಗಡಿಗೆ ಕರೆಸಿದ. ಸುಟ್ಟ ವಾರ್ನಿಷಿನ ವಾಸನೆಯ ನಡುವೆ ಒಂದು ಡಬ್ಬದ ಮೇಲೆ ನನ್ನನ್ನು ಕೂರಿಸಿ, ಗುಟ್ಟು ಹೇಳುವವನಂತೆ ಹೇಳಿದ:

"ಡಾಕ್ಟರ್ ಅಂದ್ರು, ಸಕ್ರಿ ರೋಗ ಹೊಸ್ತಲದ ಮ್ಯಾಲೆ ನಿಂತೈತಂತ. ಒಳಗ ಬಂದಿಲ್ಲ ಇನ್ನಾ. ಅನ್ನಾ, ರೊಟ್ಟಿ, ಸಕ್ರಿ ಸಾವಕಾಶ ಕಮ್ಮಿ ಮಾಡಕೋತ ಹೋಗು ಅಂದಾರ. ನೀ ಮಾಡೀಯಲ್ಲ, ಹೆಂಗ ಮಾಡಿದಿ ಹೇಳು."

ನಾನು ಆಗ ಕೆಲವು ತಿಂಗಳಿಂದ ಹಿಟ್ಟು, ಸಕ್ಕರೆ ಬಿಟ್ಟು ತೆಳ್ಳಗಾಗಿದ್ದೆ, ಮತ್ತು ತೆಳ್ಳಗಾದವರೆಲ್ಲ ಆಗುವಂತೆ ಸಹಿಸಲಾಗದವನಾಗಿದ್ದೆ. ಬಸು ಹೇಳಿದ ಮಾತುಗಳಲ್ಲಿ "ಸಾವಕಾಶ" ಎಂಬುದೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ನನ್ನ ಕಿವಿಗೆ ಬಿತ್ತು. ಗಂಟೆಗಟ್ಟಲೆ ಮಾತಾಡಿದೆ. ಅವನು ಒಂದೊಂದೇ ಪದಾರ್ಥಕ್ಕೆ ಜಾಮೀನು ಕೇಳುವವನಂತೆ ಕೇಳುತ್ತ ಹೋದ.

"ರೊಟ್ಟಿ?"

"ರೊಟ್ಟಿನೂ ಹಿಟ್ಟs."

"ಜ್ವಾಳದ್ದಲೇ."

"ಜ್ವಾಳದ್ದೂ ಹಿಟ್ಟs."

"ಚುರುಮುರಿ?"

"ಬಿಡು."

ಬಸು ಕೈಯಲ್ಲಿದ್ದ ತಂತಿ ಕೆಳಗಿಟ್ಟು ಕೇಳಿದ: "ಮತ್ತ ಪಲ್ಯಾ ಯಾತರೊಳಗ ಹಿಡದು ತಿನ್ನೋದು?"

ಉತ್ತರವಿಲ್ಲದಾಗ ವಿಷಯ ಬದಲಿಸಬೇಕೆಂಬುದು ಸ್ಪರ್ಧೆಗಳಲ್ಲಿ ಕಲಿತದ್ದು. ಬಾದಾಮಿ ಹಿಟ್ಟಿನ ರೊಟ್ಟಿ ಮಾಡಿಕೋ ಎಂದೆ.

"ಬಾದಾಮಿ ಒಯ್ದು ಗಿರಣಿಯಾಗ ಸುರುವಿದ್ರ ಗಿರಣಿಯಂವ ಮೊದಲ ನನ್ನ ಹಣಿ ಮುಟ್ಟಿ ನೋಡ್ತಾನ, ಜ್ವರಾ ಬಂದಾವೇನಂತ."

ಆದರೂ ಒಪ್ಪಿದ. ಸೋಮವಾರದಿಂದ ಎಲ್ಲವನ್ನೂ ಒಮ್ಮೆಲೇ ಬಿಡುವುದೆಂದು ನಾನೇ ಮುಹೂರ್ತ ಇಟ್ಟೆ. ಅವನ ಚಿಂತೆ ಬೇರೆಯೇ ಇತ್ತು. ಮೋಟಾರು ನೋಡಲು ಹೊಲಗಳಿಗೆ ಹೋದಲ್ಲೆಲ್ಲ ಚಹಾ, ಅವಲಕ್ಕಿ, ಊಟ. "ತಿನ್ನೂದ ಬಿಡಬಹುದು. ಮಂದಿ ಮನ್ಯಾಗ ಬ್ಯಾಡ ಅನ್ನಾಕ ಬರಂಗಿಲ್ಲ ನನಗ," ಎಂದ.

ಇದು ನನ್ನ ಕ್ಷೇತ್ರ! ಕಾರಣ ಹೇಳಬೇಡ ಎಂದೆ. ಕಾರಣ ಹೇಳಿದರೆ ಎದುರಿನವರಿಗೆ ಖಂಡಿಸಲು ಜಾಗ ಕೊಟ್ಟಂತೆ. ಸಕ್ಕರೆ ಐತಿ ಅಂದರೆ ಒಂದು ತುತ್ತಿಗೆ ಏನಾಗತೈತಿ ಅಂತಾರೆ. ಹೊಟ್ಟೆ ತುಂಬೈತಿ ಅಂದರೆ ಕಟ್ಟಿಕೊಡತೇವಿ ಅಂತಾರೆ. "ಒಲ್ಲೆ" ಎಂಬುದು ಬಹಳ ಮೆತ್ತಗಿನ ಮಾತು, ನಮ್ಮ ಕಡೆ ಅದನ್ನು ನಾಚಿಕೆಯೆಂದು ತಿಳಿದು ಇನ್ನೆರಡು ಸೌಟು ಹಾಕುತ್ತಾರೆ. ಹೀಗೆ ಎಲ್ಲ ಮಾತುಗಳನ್ನೂ ಸೋಸಿ ಕೊನೆಗೆ ಒಂದನ್ನು ಆರಿಸಿಕೊಟ್ಟೆ: "ನಂಗ ನಡಿಯಂಗಿಲ್ಲ." ಸಣ್ಣದು, ಗಟ್ಟಿಯಾದದ್ದು, ಮುಂದೆ ಪ್ರಶ್ನೆ ಕೇಳಲು ಎಡೆಯಿಲ್ಲದ್ದು. ಸ್ಕ್ರೂಡ್ರೈವರನ್ನೇ ಸೌಟು ಮಾಡಿಕೊಂಡು ನಾನು ಮನೆಯೊಡತಿಯಾದೆ. "ಏ, ನಮ್ಮನಿದು ಒಂದ ತುತ್ತರೆ ತಗೋರಿ ಬಸಣ್ಣಾರ!"

"ನಂಗ ನಡಿಯಂಗಿಲ್ರಿ," ಎಂದ ಬಸು, ನಗು ತಡೆಯಲಾರದೆ.

"ನಗಬ್ಯಾಡ. ಮಾರಿ ಗಟ್ಟಿ ಇರಲಿ."

ಮತ್ತೆ ಹೇಳಿದ. ಮುಖದ ನಗು ಹೋಗಿ ಮಾರಿ ಗಟ್ಟಿಯಾಗುವ ತನಕ ಹೇಳಿಸಿದೆ.

ಅದೇ ವಾರ ಹುಕ್ಕೇರಿಯಲ್ಲಿ ಮಿಲಿಂದನ ಹೊಸ ಮನೆಯ ಪ್ರವೇಶ. ಬಸುವಿನ ಗಾಡಿಯಲ್ಲಿ ಇಬ್ಬರೂ ಹೋದೆವು. ಅವನಿಗೆ ಬೆಳಿಗ್ಗೆಯಿಂದ ತಲೆನೋವು, ಕೈಯಲ್ಲಿ ಬಲವಿಲ್ಲ. ಹಿಟ್ಟು ಬಿಟ್ಟವರಿಗೆ ಮೊದಮೊದಲು ಹಾಗಾಗುತ್ತದೆ, ಅದು ಗೆಲುವಿನ ಲಕ್ಷಣ ಎಂದು ದಾರಿಯುದ್ದಕ್ಕೂ ಹಿಂದಿನ ಸೀಟಿನಿಂದ ಹುರಿದುಂಬಿಸಿದೆ. ಮಿಲಿಂದ ಹೊರಗೆ ಪೆಂಡಾಲಿನಲ್ಲಿ ತನ್ನ ಹೆಡ್‌ಮಾಸ್ತರರ ಉಪಚಾರದಲ್ಲಿದ್ದ. ನಮ್ಮನ್ನು ಕಂಡು ಒಳಗೆ ಹೋಗಿ ಕೂಡ್ರಿರೆಂದು ಕೈ ಮಾಡಿದ. ಒಳಗೆ ಗೋಡೆಯ ಮೇಲೆ ಬುದ್ಧನ ಪಟ, ಸುಣ್ಣದ ಹಸಿ ವಾಸನೆ, ಹೋಳಿಗೆಯ ಏಲಕ್ಕಿ ವಾಸನೆ. ಮಿಲಿಂದನ ಅವ್ವನನ್ನು ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು.

"ಕೂಡ್ರಿ, ಕೂಡ್ರಿ," ಎಂದರು. "ಹೊಸಾ ಮನಿ, ಫ್ಯಾನ್ ಇನ್ನಾ ಬಂದಿಲ್ಲ. ಉಣ್ಣೂವಾಗ ಬೆವತ್ರ ನನ್ನ ಬೈಬ್ಯಾಡ್ರಿ, ನನ್ನ ಮಗನ್ನ ಬೈರಿ."

"ಫ್ಯಾನ್ ನಾ ಬಂದ ಹಚ್ಚಿಕೊಡತೇನ್ರಿ ಅವ್ವಾರ," ಎಂದ ಬಸು.

ತಾಟು ಬಂದವು. ಬದನೆಕಾಯಿ ಪಲ್ಯ, ಅನ್ನ, ಕಟ್ಟಿನ ಸಾರು ಸಾಲಾಗಿ ಬರುವ ಮೊದಲೇ ಆಕೆ ತಾವೇ ಹೋಳಿಗೆಯ ಬುಟ್ಟಿ ಹಿಡಿದು ನಮ್ಮ ಮುಂದೆ ಬಾಗಿದರು. ಬಸು ಬೆನ್ನು ನೆಟ್ಟಗೆ ಮಾಡಿ, ಮಾರಿ ಗಟ್ಟಿ ಮಾಡಿ, ಕಲಿಸಿದ್ದನ್ನು ಕಲಿಸಿದಂತೆಯೇ ಹೇಳಿದ:

"ನಂಗ ನಡಿಯಂಗಿಲ್ರಿ."

ಎಷ್ಟು ಚೆನ್ನಾಗಿ ಹೇಳಿದನೆಂದರೆ ನನಗೆ ಹೆಮ್ಮೆಯಾಯಿತು. ಅವನಿಗೆ ಬೆಂಬಲವಾಗಿ ಚೀಲದಿಂದ ನನ್ನ ಡಬ್ಬಿ ತೆಗೆದೆ. ಸೌತೆಕಾಯಿ, ಪನೀರು, ಹುರಿದ ಶೇಂಗಾ. "ನಾವು ನಮ್ಮ ಡಬ್ಬಿ ತಂದೇವ್ರಿ," ಎಂದೆ.

ಆಕೆಯ ಕೈ ಗಾಳಿಯಲ್ಲಿ ಅರೆಕ್ಷಣ ನಿಂತು ಬುಟ್ಟಿಯ ಸಮೇತ ಹಿಂದಕ್ಕೆ ಹೋಯಿತು. ಮುಖದಲ್ಲಿ ಸಿಟ್ಟಿರಲಿಲ್ಲ. ಆಶ್ಚರ್ಯವಂತೂ ಇರಲೇ ಇಲ್ಲ. ಒಳಗೆ ಹೋಗಿ, ಬಟ್ಟೆ ಮುಚ್ಚಿಟ್ಟಿದ್ದ ಎರಡು ತಾಟು ತಂದು ನಮ್ಮ ಮುಂದೆ ಇಟ್ಟು ಬಟ್ಟೆ ಸರಿಸಿದರು. ಎರಡರಲ್ಲೂ ಬಾಳೆಹಣ್ಣು. ಸಣ್ಣ ದನಿಯಲ್ಲಿ ಕೇಳಿದರು:

"ಇದು ನಡಿತೈತಲ್ರಿ?"

ನಾನು ಏನಂದೆ ಗೊತ್ತೇ? ನನಗೆ ಆ ಪ್ರಶ್ನೆಯಲ್ಲಿ ಕೇಳಿಸಿದ್ದು ಬರೀ ಸಕ್ಕರೆಯ ಲೆಕ್ಕ. ಬಾಳೆಹಣ್ಣು ನನ್ನ ನಿಷೇಧದ ಯಾದಿಯಲ್ಲಿ ಬಹಳ ಮೇಲಿತ್ತು. ನಗುನಗುತ್ತ ಹೇಳಿದೆ: "ಅದೂ ನಡಿಯಂಗಿಲ್ರಿ ಅವ್ವಾರ."

ಬಸು ನನ್ನ ಮುಖ ನೋಡಿದ. ಆಮೇಲೆ ಆಕೆಯ ಮುಖ ನೋಡಿದ. ನನ್ನ ಡಬ್ಬಿಯನ್ನು ಮೊಣಕೈಯಿಂದ ಆಚೆ ತಳ್ಳಿ, ತನ್ನ ಊಟದ ತಾಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ.

"ಹೋಳಗಿ ಹಾಕ್ರಿ ಅವ್ವಾರ. ಇಂವನ ಮಾತ ಕೇಳಬ್ಯಾಡ್ರಿ, ಇಂವ ಕೋರ್ಟಿನ್ಯಾಗೂ ಹಿಂಗs. ಹಾಕ್ರಿ, ಇನ್ನೊಂದ ಹಾಕ್ರಿ. ಹಸದ ಬಂದೇನಿ."

ಹೋಳಿಗೆ ತಿಂದ. ಮತ್ತೆ ಕೇಳಿ ಹಾಕಿಸಿಕೊಂಡ. ಅನ್ನ ತಿಂದ, ಕಟ್ಟಿನ ಸಾರನ್ನು ಬೊಗಸೆಯಲ್ಲಿ ಹಿಡಿದು ಕುಡಿದ. ಬೆವರು ಹನಿಯುತ್ತಿತ್ತು. "ಫ್ಯಾನ್ ಇರಲಾರದ್ದಕ್ಕ ಮಿಲಿಂದನ್ನ ಬೈತೇನ್ರಿ," ಎಂದ. ಆಕೆ ನಕ್ಕರು, ಅವನ ಮುಂದಿನಿಂದ ಕದಲಲಿಲ್ಲ. ನಾನು? ನಾನು ತತ್ವಕ್ಕೆ ಅಂಟಿಕೊಂಡು ಸೌತೆಕಾಯಿ ಕಡಿಯುತ್ತಿದ್ದೆ. ನನ್ನ ಮುಂದಿನ ಹಣ್ಣಿನ ತಾಟು ಇಟ್ಟಲ್ಲೇ ಇತ್ತು.

ತಿರುಗಿ ಬರುವಾಗ ಹಿಡಕಲ್ ಡ್ಯಾಮಿನ ಹತ್ತಿರ ಬಸು ಗಾಡಿ ನಿಲ್ಲಿಸಿದ. ನೀರು ನೋಡುತ್ತ ನಿಂತ. ನಾನು ನೀರಿಗೆ ಬೆನ್ನು ಮಾಡಿ ನಿಂತು ಭಾಷಣ ಮಾಡಿದೆ. ಮನಸ್ಸು ಗಟ್ಟಿ ಇಲ್ಲದವರ ಬಗ್ಗೆ, ಒಂದು ಬುಟ್ಟಿ ಹೋಳಿಗೆಗೆ ಆರೋಗ್ಯ ಮಾರಿಕೊಳ್ಳುವವರ ಬಗ್ಗೆ. ಅವನು "ಹೊತ್ತಾತು, ನಡಿ," ಎಂದು ಗಾಡಿಗೆ ಕಿಕ್ ಹೊಡೆದ. ಉತ್ತರ ಬರದಿದ್ದರೆ ಗೆದ್ದಂತೆ ಎಂಬುದು ನನ್ನ ಹಳೆಯ ಲೆಕ್ಕ. ಗೆದ್ದ ಉಮೇದಿನಲ್ಲಿ ಕತೆ ಕಟ್ಟಿದೆ, ಎಲ್ಲರಿಗೂ ಹೇಳಿದೆ. ಮಿಲಿಂದನಿಗೂ ಫೋನಿನಲ್ಲಿ ಹೇಳಿದೆ, ನೋಡಿ. ನಾನು ಸೂರ್ಯ ಮೂಡಣದಲ್ಲಿ ಹುಟ್ಟುತ್ತಾನೆ ಅಂದರೂ ಖಂಡಿಸುವ ಮಿಲಿಂದ ಅವತ್ತು "ಹೌದಾ? ಇರಲಿ ಬಿಡು" ಎಂದಷ್ಟೇ ಹೇಳಿ ಫೋನಿಟ್ಟ. ಅಷ್ಟಕ್ಕಾದರೂ ನನಗೆ ಸಂಶಯ ಬರಬೇಕಿತ್ತು. ದೇವರು, ದಿಂಡರು, ಗ್ರಹಗತಿ ಎಲ್ಲದರ ಮೇಲೂ ಸಂಶಯಪಡುವವನಿಗೆ ತನ್ನ ಮೇಲೆ ಮಾತ್ರ ಸಂಶಯ ಬರಲಿಲ್ಲ.

ಬಂದದ್ದು ಅಡುಗೆಮನೆಯಲ್ಲಿ. ಕೆಲವು ತಿಂಗಳಾದ ಮೇಲೆ, ನಮ್ಮವ್ವ ರೊಟ್ಟಿ ಬಡಿಯುತ್ತಿದ್ದಾಗ ನಗಿಸಲೆಂದು ಇದೇ ಕತೆ ಹೇಳಿದೆ. ಆಕೆ ನಗಲಿಲ್ಲ.

"ಏನಂದಾ ಬಸು?"

"ನಂಗ ನಡಿಯಂಗಿಲ್ಲ ಅಂದಾ."

"ಅವರ ಮನ್ಯಾಗ ಕುಂತು?"

"ಮತ್ತೆಲ್ಲಿ?"

ಬಡಿಯುವ ಸಪ್ಪಳ ನಿಂತಿತು. "ಬಾಳಿಹಣ್ಣ ತಂದಿರಬೇಕಲ್ಲ ಆಕಿ," ಎಂದಳು ಅವ್ವ.

ಬಾಳೆಹಣ್ಣಿನ ಸುದ್ದಿಯನ್ನು ನಾನಿನ್ನೂ ಹೇಳಿರಲಿಲ್ಲ.

"ನಿಮ್ಮ ಆಯಿ ಹಿಂಗs ಅಂತಿದ್ಲು," ಎಂದಳು. ಆಯಿ ಎಂದರೆ ನನ್ನ ಅಜ್ಜಿ. "ಅವರ ಓಣ್ಯಾಗ ಮದವಿ ಇದ್ರ ಹೋಗತಿದ್ಲು, ಇಲ್ಲ ಅಂತಿದ್ದಿಲ್ಲ. ಊಟಕ್ಕ ಏಳ್ರಿ ಅಂದ್ರ 'ನಮಗ ನಡಿಯಂಗಿಲ್ಲ' ಅಂತಿದ್ಲು. ಕೆಲವರು ಮನಿಂದ ಡಬ್ಬಿ ಕಟಗೊಂಡ ಹೋಗವ್ರು. ಅಂಥಾವ್ರು ಬರತಾರಂತ ಗೊತ್ತಿರತಿತ್ತಲ್ಲ, ಮದವಿ ಮನಿಯವ್ರು ಮೊದಲs ಬಾಳಿಹಣ್ಣ ತಂದ ಇಟ್ಟಿರತಿದ್ರು."

"ಬಾಳಿಹಣ್ಣs ಯಾಕ?"

"ಸಿಪ್ಪಿ ಇರತೈತಲ್ಲೋ. ಯಾರ ಮುಟ್ಟಿದ್ರೂ ಒಳಗ ಹತ್ತಂಗಿಲ್ಲಂತ."

ಹಂಚಿನ ಮೇಲಿನ ರೊಟ್ಟಿ ಕರಿಯಾಗುತ್ತಿತ್ತು. ಇಬ್ಬರೂ ತೆಗೆಯಲಿಲ್ಲ.

ನಾನು ಆರಿಸಿದ ಮಾತು, ನಾನು ತೆಗೆದ ಡಬ್ಬಿ. ಹುಡುಕಿ ಹುಡುಕಿ ಆರಿಸಿದ್ದೆ ಆ ಮಾತನ್ನು, ಅದು ನಮ್ಮ ಮನೆಯಲ್ಲೇ, ನಮ್ಮ ಆಯಿಯ ಬಾಯಲ್ಲೇ ಇತ್ತು. ಅದರಲ್ಲಿ ಪ್ರಶ್ನೆಗೆ ಎಡೆಯಿಲ್ಲವೆಂದು ಹೊಗಳಿದ್ದೆ. ಎಡೆಯಿಲ್ಲದ್ದು ಯಾಕೆಂದರೆ ಅದನ್ನು ಕೇಳಿಸಿಕೊಂಡವರಿಗೆ ತಿರುಗಿ ಕೇಳುವ ಅಧಿಕಾರ ಇರಲಿಲ್ಲ. ಇನ್ನೊಂದು ಸಂಗತಿಯೂ ಅವತ್ತೇ ಹೊಳೆಯಿತು. ಅಷ್ಟು ವರ್ಷಗಳ ಗೆಳೆತನದಲ್ಲಿ ಮಿಲಿಂದ ನಮ್ಮ ಮನೆಗೆ ಎಷ್ಟೋ ಸಲ ಬಂದಿದ್ದ. ನಾನು ನಾಗನೂರಿನ ಅವನ ಮನೆಗೆ ಒಮ್ಮೆಯೂ ಹೋಗಿರಲಿಲ್ಲ. ಅವನು ಕರೆದಿರಲಿಲ್ಲ. ಯಾಕೆ ಕರೆಯುವುದಿಲ್ಲ ಎಂದು ನಾನು ಕೇಳಿರಲಿಲ್ಲ.

ಮಾರನೆಯ ದಿನವೇ ಮೂಡಲಗಿಗೆ ಹೋದೆ. ಬಸು ತಾಮ್ರದ ತಂತಿ ಸುತ್ತುತ್ತಿದ್ದ.

"ಅವತ್ತ ನಿನಗ ತಿಳದಿತ್ತೇನು?"

ಯಾವತ್ತು ಎಂದು ಅವನು ಕೇಳಲಿಲ್ಲ. "ಹೇಳೂವಾಗ ತಿಳದಿದ್ದಿಲ್ಲ. ಆಕಿ ಹಣ್ಣ ತಂದ ಕೂಡಲೇ ತಿಳೀತು. ಆಕಿ ಮಾರಿ ನೋಡಲಿಲ್ಲೇನು ನೀ?"

"ಮತ್ತ ನನಗ್ಯಾಕ ಹೇಳಲಿಲ್ಲ?"

"ಹಿಡಕಲ್ಲದಾಗ ಹೇಳಬೇಕಂತ ಗಾಡಿ ನಿಂದರಿಸಿದ್ನಿ. ನೀ ಬಾಯಿ ಮುಚ್ಚಿದ್ರ ಹೌದಲ್ಲ?" ಎಂದು ಮತ್ತೆ ತಂತಿ ಸುತ್ತತೊಡಗಿದ. ಒಂದು ಸುತ್ತು ಮುಗಿಸಿ ತಾನಾಗಿ ಹೇಳಿದ: "ಫ್ಯಾನ್ ಹಚ್ಚಾಕ ಹೋದಾಗ ಆಕಿಗೆ ಎಲ್ಲಾ ಹೇಳೇನಿ. ಸಕ್ರಿ ಸುದ್ದಿ, ನೀ ಸ್ಕ್ರೂಡ್ರೈವರ್ ಹಿಡಕೊಂಡ ಆಡಿದ್ದು, ಎಲ್ಲಾ. ನಕ್ಕಳು."

"ನನ್ನ ಬಗ್ಗೆ ಏನಂದ್ಲು?"

"ಏನೂ ಅನ್ಲಿಲ್ಲ."

ಬಸು ಈಗ ಪಥ್ಯವನ್ನು ತನ್ನದೇ ರೀತಿಯಲ್ಲಿ ನಡೆಸಿದ್ದಾನೆ. ಮೊದಲು ಚಹಾದ ಸಕ್ಕರೆ ಬಿಟ್ಟ, ಅದು ರೂಢಿಯಾದ ಮೇಲೆ ರಾತ್ರಿಯ ಅನ್ನ. ರೊಟ್ಟಿ ಪೂರಾ ಬಿಟ್ಟಿಲ್ಲ, ಪಲ್ಯ ಹಿಡಿಯಲು ಒಂದು ಬೇಕು. ಯಾರ ಮನೆಗೆ ಹೋದರೂ ಬೇಡ ಎನ್ನುವುದಿಲ್ಲ; ತಾನೇ ಏನಾದರೊಂದನ್ನು ಕೇಳುತ್ತಾನೆ. "ಸಕ್ರಿ ಬಂದೈತ್ರಿ ನನಗ ಅವ್ವಾರ. ಚಾ ಇರಲಿ, ಒಂದ ವಾಟಗಾ ಮಜ್ಜಗಿ ಕೊಡ್ರಿ, ಉಪ್ಪ ಮುಂದ ಮಾಡಿ ಹಾಕ್ರಿ." ಕೇಳಿಸಿಕೊಂಡವರಿಗೆ ಕೊಡಲು ಏನೋ ಸಿಕ್ಕಿತಲ್ಲ, ಸಂತೋಷದಿಂದ ಕೊಡುತ್ತಾರೆ. ಡಾಕ್ಟರು ಹೇಳಿದ ಹಾಗೆ, ಸಾವಕಾಶ. ರೋಗ ಇನ್ನೂ ಹೊಸ್ತಿಲ ಮೇಲೆಯೇ ನಿಂತಿದೆಯಂತೆ. ಈಗ ಜನ ಅದರ ಶ್ರೇಯಸ್ಸನ್ನೂ ನನಗೇ ಕೊಡುತ್ತಾರೆ, "ನಮ್ಮ ತಮ್ಮಗೂ ಒಂದೀಟ ಹೇಳ್ರಿ ವಕೀಲರ" ಎಂದು. ನಾನು ಅವರನ್ನು ಬಸುವಿನ ಅಂಗಡಿಗೆ ಕಳಿಸುತ್ತೇನೆ.

ಹೋದ ತಿಂಗಳು ಇಬ್ಬರೂ ಹುಕ್ಕೇರಿಗೆ ಹೋಗಿದ್ದೆವು. ತಲೆಯ ಮೇಲೆ ಬಸು ಹಚ್ಚಿಕೊಟ್ಟ ಫ್ಯಾನು ತಿರುಗುತ್ತಿತ್ತು. ಬಾಗಿಲಲ್ಲಿ ಅವನನ್ನು ಕಂಡು ಮಿಲಿಂದನ ಅವ್ವ "ಏ ಬಸೂ, ಬಾರೋ, ಎಷ್ಟ ಸೊರಗೀಯೋ" ಎಂದರು. ನನಗೆ "ಬರ್ರಿ ವಕೀಲರ" ಎಂದರು. ವಕೀಲಿಕೆಗೆ ಸಿಕ್ಕ ಗೌರವವೆಂದು ಒಂದು ಕಾಲಕ್ಕೆ ಈ "ರಿ"ಯನ್ನು ಕೋಟಿನ ಹಾಗೆ ಧರಿಸಿಕೊಂಡು ಓಡಾಡುತ್ತಿದ್ದೆ. ಮಿಲಿಂದನಿಗೆ ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಅವನು "ಹಳೇ ವಿಷಯ ಇವತ್ತ ಚರ್ಚಾಕ್ಕಿಲ್ಲ" ಎಂದು ನೀರಿನ ತಂಬಿಗೆ ಕೈಗಿಟ್ಟ. ಊಟಕ್ಕೆ ಕೂತಾಗ ಆಕೆ ಸೌಟು ಎತ್ತಿ ಹಿಡಿದು, ತುಟಿಯಂಚಿನಲ್ಲಿ ನಗುತ್ತ ಕೇಳಿದರು:

"ಇವತ್ತ ನಿಮಗ ಏನೇನ್ ನಡಿತೈತ್ರಿ, ಮೊದಲ ಹೇಳಿಬಿಡ್ರಿ."

"ಎಲ್ಲಾ ನಡಿತೈತ್ರಿ ಅವ್ವಾರ."

ಬಡಿಸಿದ್ದೆಲ್ಲವನ್ನೂ ತಿಂದೆ. ತಿನ್ನುವುದು ಸುಲಭವಿತ್ತು. ಕೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದ ಒಂದು ಪ್ರಶ್ನೆಯನ್ನು ಮಾತ್ರ ಕೇಳಲಾಗದೆ ತಿರುಗಿ ತಂದೆ.

ಆ ಪ್ರಶ್ನೆಗೆ ನಾನೇ ನನ್ನ ಪರವಾಗಿ ವಾದ ಹೂಡಿ ನೋಡಿದ್ದೇನೆ. ಹಣ್ಣು ಬುದ್ಧನ ಮುಂದೆ ಇಡಲು ತಂದದ್ದಿರಬಹುದು. ಹಾಗಿದ್ದರೆ ಎರಡು ತಾಟು ಯಾಕೆ ಎಂದು ಎದುರು ವಕೀಲ ಕೇಳುತ್ತಾನೆ. ಬರುವ ಎಲ್ಲರಿಗೂ ಕೊಡಲು ಇರಬಹುದು. ಬೇರೆ ಯಾರ ಮುಂದೆ ಇಟ್ಟಿದ್ದನ್ನು ನೋಡಿದೆ ಎಂದು ಕೇಳುತ್ತಾನೆ. ಎದುರು ವಕೀಲನೂ ನಾನೇ, ಹಾಗಾಗಿ ಮುದ್ದತು ಕೊಡುತ್ತಿಲ್ಲ.

ಈಗ ಮೇಜಿನ ಮೇಲಿನ ಚೀಲದಿಂದ ಒಂದು ಹಣ್ಣು ತೆಗೆದು ಸುಲಿದಿದ್ದೇನೆ. ತಿಂದೆ. ಸಿಪ್ಪೆ ಕಡತದ ಪಕ್ಕದಲ್ಲಿ ಬಿದ್ದಿದೆ. ಕೈ ಒರೆಸಿಕೊಂಡು ಮಿಲಿಂದನ ಮನೆಗೆ ಫೋನು ಹಚ್ಚಿದೆ.

"ಯಾರ್ರಿ? ವಕೀಲರಾ? ಮಿಲಿಂದ ಸಾಲಿಗೆ ಹೋಗ್ಯಾನ್ರಿ."

"ನಿಮ್ಮ ಕೂಡನs ಮಾತಾಡೂದಿತ್ರಿ ಅವ್ವಾರ."

"ನನ್ನ ಕೂಡ? ಹೇಳ್ರಿ. ಊಟಾತೇನ್ರಿ?"

"ಅವ್ವಾರ, ಮನಿ ಪ್ರವೇಶದ ದಿನ ಆ ಎರಡ ತಾಟ ಬಾಳಿಹಣ್ಣ ನಾವು ಬಾಯಿ ತಗಿಯೂಕಿಂತ ಮೊದಲs ತಂದ, ಬಟ್ಟಿ ಮುಚ್ಚಿ ಇಟ್ಟಿದ್ರಿ. ಯಾರ ಸಲುವಾಗಿ ಇಟ್ಟಿದ್ರಿ?"